ತಾಳಕ್ಕೊಂದು ಗುಂಡು

ವಿಡಿಯೋ ಗೇಮಿನ ಬಗ್ಗೆ ಬರೆಯುವಷ್ಟು ಈಕೆಗೇನು ಗೊತ್ತು ಎಂದು ನೀವು ಕೇಳಿದರೆ ತಪ್ಪೇನಿಲ್ಲ. ಮಾಲೇಕಲ್ಲು ಬೆಟ್ಟದ ಬುಡದಲ್ಲಿ ಮನೆ, ಅರಸೀಕೆರೆ ಪೇಟೆಯಿಂದ ಬರುವ ಹತ್ತಾರು ಹೆಣ್ಣುಮಕ್ಕಳಿಗೆ ಸರಳೆ, ಜಂಟಿವರಸೆ, ದೇವರನಾಮ ಹೇಳಿಕೊಡುವ ಕೆಲಸ, ಮಿಕ್ಕ ಹೊತ್ತಿಗೆ ಒಲೆ. ಇಷ್ಟೇ ನನ್ನ ಪ್ರಪಂಚ. ಆದರೆ ಅಭಿಪ್ರಾಯ ಹೇಳುವುದಕ್ಕೆ ಆಡಲು ಬರಬೇಕೆಂಬ ನಿಯಮ ಎಲ್ಲಿದೆ? ಕ್ರಿಕೆಟ್ ಬ್ಯಾಟನ್ನು ಕೈಯಲ್ಲಿ ಹಿಡಿಯದ ನಮ್ಮನೆಯವರು, ಜಾವಗಲ್ ಶ್ರೀನಾಥ್ ಚೆಂಡನ್ನು ಎಲ್ಲಿ ಹಾಕಬೇಕಿತ್ತೆಂದು ಹನ್ನೆರಡು ವರ್ಷ ಟೀವಿಯ ಮುಂದೆ ಕುಳಿತು ಹೇಳಿಕೊಟ್ಟವರು. ಜಾವಗಲ್ ನಮ್ಮ ತಾಲ್ಲೂಕಿನ ಊರು ಎಂಬುದಷ್ಟೇ ಅವರಿಗಿದ್ದ ಅಧಿಕಾರ. ನನಗಾದರೋ ಸ್ವಲ್ಪ ತಾಳಜ್ಞಾನವಾದರೂ ಇದೆ.

ತಾಳದ ಮಾತು ಏಕೆ ಬಂತೆಂದರೆ, ನಾನು ಹೇಳಹೊರಟಿರುವುದು ಹಾಡಿನ ಜೊತೆ ಗುಂಡು ಹಾರಿಸುವ ಒಂದು ಆಟದ ವಿಷಯ. 2020ರ ಮಾರ್ಚಿಯಲ್ಲಿ ನನ್ನ ತಂಗಿಯ ಮಕ್ಕಳಿಬ್ಬರು ಬೆಂಗಳೂರಿನಿಂದ ನಾಲ್ಕು ದಿನಕ್ಕೆಂದು ನಮ್ಮಲ್ಲಿಗೆ ಬಂದವರು, ಲಾಕ್‌ಡೌನ್ ಆಗಿ ಇಲ್ಲೇ ಉಳಿದರು. ಹುಡುಗಿ ಮೊದಲ ಪಿಯುಸಿ ಮುಗಿಸಿದ್ದಳು. ಹುಡುಗ ಎಂಟನೇ ತರಗತಿ. ಬೆಟ್ಟದ ಮೇಲಿನ ದೇವಸ್ಥಾನದ ಬಾಗಿಲೂ ಮುಚ್ಚಿತ್ತು, ರೈಲೂ ನಿಂತಿತ್ತು. ರಾತ್ರಿಯೆಲ್ಲ ಜಂಕ್ಷನ್ನಿನ ಸದ್ದಿನಲ್ಲೇ ನಿದ್ದೆ ಮಾಡಿ ರೂಢಿಯಿದ್ದ ನಮ್ಮತ್ತೆಗೆ ಆ ನಿಶ್ಶಬ್ದದಲ್ಲಿ ನಿದ್ದೆಯೇ ಬರುತ್ತಿರಲಿಲ್ಲ. ಆ ಮೌನಕ್ಕೆ ಸರಿಯಾದ ಮದ್ದು ಹುಡುಗನ ಚೀಲದಲ್ಲಿತ್ತು. ಲ್ಯಾಪ್‌ಟಾಪು, ಅದರೊಳಗೆ ಬೀಟ್ ಹಜಾರ್ಡ್ ಎಂಬ ಆಟ.

ಬ್ರಿಟನ್ನಿನ ಸ್ಟೀವ್ ಹಂಟ್ ಎಂಬಾತ ಮಾಡಿದ್ದಂತೆ. 2010ರಲ್ಲಿ ಕಂಪ್ಯೂಟರಿಗೆ ಬಂತು. ಕಪ್ಪು ಆಕಾಶದ ನಡುವೆ ಒಂದು ಪುಟ್ಟ ನೌಕೆ, ಸುತ್ತಲಿಂದ ನುಗ್ಗಿಬರುವ ಬಂಡೆಗಳು, ಶತ್ರುನೌಕೆಗಳು. ಇಷ್ಟಾದರೆ ಎಲ್ಲ ಆಟಗಳಂತೆಯೇ. ವಿಶೇಷವೇನೆಂದರೆ ಹಾಡು ನಮ್ಮದು. ನಾವು ಯಾವ ಹಾಡು ಹಾಕುತ್ತೇವೋ ಅದೇ ನೌಕೆಯ ಮದ್ದುಗುಂಡು. ಹಾಡು ಅಬ್ಬರಿಸಿದರೆ ಬಂದೂಕೂ ಅಬ್ಬರಿಸುತ್ತದೆ, ಹಾಡು ಮೆತ್ತಗಾದರೆ ಗುಂಡೂ ಸೊರಗುತ್ತದೆ. ಹಾಡು ಮುಗಿಯುವವರೆಗೆ ಜೀವ ಉಳಿಸಿಕೊಂಡರೆ ಗೆದ್ದಂತೆ.

ಹುಡುಗನ ಅಭಿಪ್ರಾಯ ಕೇಳುವುದೇ ಬೇಡ. “ಪ್ರತಿ ಹಾಡಿಗೂ ಬೇರೆ ಗೇಮು ದೊಡ್ಡಮ್ಮ, ಬೇಜಾರೇ ಆಗಲ್ಲ” ಎಂದು ಊಟದ ತಟ್ಟೆಯ ಮುಂದೆಯೂ ಅದನ್ನೇ ಹೇಳುತ್ತಿದ್ದ. ಒಂದೇ ದೂರು, ಪರದೆಯ ತುಂಬ ಮಿಂಚು ಹೊಡೆದು ತನ್ನ ನೌಕೆ ಎಲ್ಲಿದೆಯೆಂದು ತನಗೇ ಕಾಣುವುದಿಲ್ಲವೆಂದು. ಫೋನಿನಲ್ಲಿ ಅವನ ಬೆಂಗಳೂರಿನ ಗೆಳೆಯ ಬೇರೆಯೇ ವಾದ ಹೂಡುತ್ತಿದ್ದ. ಇದು ತಾಳದ ಆಟವೇ ಅಲ್ಲವಂತೆ. ತಾಳಕ್ಕೆ ಸರಿಯಾಗಿ ಗುಂಡಿ ಒತ್ತಬೇಕಾದ ಅಗತ್ಯವೇ ಇಲ್ಲದ ಮೇಲೆ ಅದೆಂಥ ತಾಳದ ಆಟ ಎಂದು ಅವನ ತಕರಾರು. ಇಬ್ಬರೂ ಮುಕ್ಕಾಲು ಗಂಟೆ ಜಗಳವಾಡಿ ಫೋನಿಟ್ಟರು. ನಮ್ಮ ಕಡೆ ವಿದ್ವಾಂಸರು ಎಡುಪಿನ ಬಗ್ಗೆ ಹೀಗೆ ಜಗಳವಾಡಿದ್ದನ್ನು ಕೇಳಿದ್ದೆ. ಹದಿಮೂರು ವರ್ಷದವರು ಆಡಿದ್ದು ಅದೇ ಮೊದಲು.

ನಮ್ಮತ್ತೆ ಎರಡು ದಿನ ಕನ್ನಡಕ ಹಾಕಿಕೊಂಡು ಹಿಂದೆ ಕುಳಿತು ನೋಡಿದರು. ಮೂರನೆಯ ದಿನ ಕೇಳಿದರು, “ಅಲ್ಲ ಮಗು, ಅವರು ನಿನಗೇನು ಮಾಡಿದ್ರು ಅಂತ ಹೊಡೀತೀಯ?” ಹುಡುಗನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಅವರದೇ ಅಪ್ಪಣೆಯಾಯಿತು, ವೆಂಕಟರಮಣನ ಸುಪ್ರಭಾತ ಹಾಕು ಎಂದು. ಹಾಕಿದ. ನೌಕೆಯ ಬಾಯಿಂದ ಜಿನುಗು ಮಳೆಯಂತೆ ನಾಲ್ಕು ಹನಿ ಗುಂಡು ಉದುರಿ, ಒಂದು ನಿಮಿಷಕ್ಕೆ ಆಟ ಮುಗಿಯಿತು. ಅದೇ ಡೊಳ್ಳು ಕುಣಿತದ ಧ್ವನಿಮುದ್ರಣ ಹಾಕಿದಾಗ ಪರದೆಯೆಲ್ಲ ಬೆಂಕಿ! “ಬೀರಪ್ಪನಿಗಿರೋ ಶಕ್ತಿ ನಮ್ಮ ತಿಮ್ಮಪ್ಪನಿಗಿಲ್ಲ ಅಂತೇನು ಇದರ ಅರ್ಥ?” ಎಂದು ಅತ್ತೆ ಸಿಟ್ಟಾಗಿ ಎದ್ದುಹೋದರು. ಸಂಜೆ ಮತ್ತೆ ಬಂದು ಕುಳಿತರೆನ್ನಿ.

ನಮ್ಮನೆಯವರದು ಹಳೆಯ ಕಾಲದ ಪ್ರಶಂಸೆ. ಕಾಲೇಜಿನ ದಿನಗಳಲ್ಲಿ ನಾಣ್ಯ ಹಾಕಿ ಆಡಿದ್ದ ಸ್ಪೇಸ್ ಇನ್ವೇಡರ್ಸ್ ಮುಂದೆ ಇದೆಲ್ಲ ಏನೂ ಅಲ್ಲ ಎಂದರು. ಅದು ಜಪಾನಿನ ಟೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ ಆಟ. ಸಾಲು ಸಾಲಾಗಿ ಇಳಿದುಬರುವ ಶತ್ರುಗಳು, ಹಿಂದೆ ನಾಲ್ಕೇ ಸ್ವರ, ಢಂ ಢಂ ಢಂ ಢಂ. ಶತ್ರುಗಳು ಕಡಿಮೆಯಾದಂತೆ ಉಳಿದವರ ನಡಿಗೆಯೂ ಆ ಢಂಢಂವೂ ಜೋರಾಗುತ್ತಿದ್ದವು. ಅದು ಮೊದಲು ಬೇಕೆಂದು ಮಾಡಿದ್ದಲ್ಲವಂತೆ. ಆ ಕಾಲದ ಯಂತ್ರಕ್ಕೆ ಅಷ್ಟೂ ಶತ್ರುಗಳನ್ನು ಚಿತ್ರಿಸುವುದೇ ಭಾರ. ಕೆಲವರು ಸತ್ತರೆ ಹೊರೆ ಇಳಿದು ಉಳಿದವರನ್ನು ಬೇಗ ಬೇಗ ಓಡಿಸುತ್ತಿತ್ತು. ಮಾಡಿದಾತ ಅದನ್ನು ಹಾಗೆಯೇ ಉಳಿಸಿಕೊಂಡ. ಇದನ್ನು ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ನನ್ನ ಪಾಠದಲ್ಲೂ ಹಾಗೇ. ಮೊದಲ ಕಾಲದಲ್ಲಿ ಹತ್ತು ಹುಡುಗಿಯರು ಹಾಡುತ್ತಾರೆ, ಎರಡನೇ ಕಾಲಕ್ಕೆ ಐವರು ಉಳಿಯುತ್ತಾರೆ, ಮೂರನೇ ಕಾಲಕ್ಕೆ ಉಳಿದ ಒಬ್ಬಳು ಓಡಿಯೇ ಬಿಡುತ್ತಾಳೆ.

ಗುಂಡು ಮತ್ತು ಹಾಡು ಒಟ್ಟಿಗೆ ಇರಬಾರದೆಂದು ನಾನು ಹೇಳುವವಳಲ್ಲ. 1117ರ ಬೇಲೂರು ದೇವಸ್ಥಾನದ ಮದನಿಕೆಯರನ್ನು ನೋಡಿ. ಅಲ್ಲೊಬ್ಬಳು ಡಮರು ಹಿಡಿದು ಕುಣಿಯುತ್ತಾಳೆ, ಇನ್ನೊಬ್ಬಳು ಬಿಲ್ಲು ಹಿಡಿದು ಬೇಟೆಗೆ ನಿಂತಿದ್ದಾಳೆ. ಒಂಬೈನೂರು ವರ್ಷದಿಂದ ಒಂದೇ ಸೂರಿನಡಿ ಇದ್ದಾರೆ, ಯಾರೂ ಆಕ್ಷೇಪಿಸಿಲ್ಲ. ನನ್ನ ಆಕ್ಷೇಪ ಬೇರೆ. ಈ ಆಟ ಸದ್ದನ್ನು ಅಳೆಯುತ್ತದೆ, ತಾಳವನ್ನು ಎಣಿಸುವುದಿಲ್ಲ ಎಂದು ನನಗೆ ಕಂಡಿತು. ಆದಿತಾಳದಲ್ಲಿ ಅಂಗೈ ಮಗುಚುತ್ತೇವಲ್ಲ, ಆ ಹುಸಿಗೆ ಸದ್ದಿಲ್ಲ. ಸದ್ದಿಲ್ಲವೆಂದು ಅದನ್ನು ಬಿಟ್ಟರೆ ತಾಳವೇ ಬಿತ್ತು. ಹಾಡುಗಾರಿಕೆಯ ಅರ್ಧ ಬಲ ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿದೆ. ಜೋರಾಗಿ ಕೂಗಿದವನಿಗೆ ದೊಡ್ಡ ಬಂದೂಕು ಕೊಡುವ ಪದ್ಧತಿ ಹೊರಗೆ ಸಾಕಷ್ಟಿದೆ, ಆಟದಲ್ಲೂ ಬೇಕೆ?

ಪಕ್ಕದ ಮನೆಯ ಮಗುವೊಂದಕ್ಕೆ ಮೂರ್ಛೆರೋಗವಿತ್ತು. ಅವಳು ಬಂದಾಗ ಲ್ಯಾಪ್‌ಟಾಪು ಮುಚ್ಚಬೇಕೆಂದು ನಾನು ಕಟ್ಟುನಿಟ್ಟು ಮಾಡಿದೆ. ಬೇಗ ಬೇಗ ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಪಟಪಟ ಮಿನುಗಿದ್ದಕ್ಕೆ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರ್ಛೆರೋಗ ಇರುವವರೆಲ್ಲರಿಗೂ ಹೀಗಾಗುವುದಿಲ್ಲ, ನೂರಕ್ಕೆ ಮೂವರಿಗೆ ಅಷ್ಟೇ. ಆದರೆ ಆ ಮೂವರಲ್ಲಿ ಈ ಮಗು ಇದೆಯೋ ಇಲ್ಲವೋ ಎಂದು ನಮ್ಮ ನಡುಮನೆಯಲ್ಲಿ ಪರೀಕ್ಷೆ ಮಾಡುವುದು ಯಾವ ನ್ಯಾಯ? ಅಂದಹಾಗೆ ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಗಳಿಗೆ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ.

ಇಷ್ಟು ದಿನ ಮಾತೇ ಆಡದವಳು ಹುಡುಗಿ. ತಮ್ಮನ ಗೆಳೆಯ ಹೇಳಿದ್ದೇ ಸರಿ ಎಂದು ಒಂದು ಮಧ್ಯಾಹ್ನ ಬಾಯಿಬಿಟ್ಟಳು. ತಾಳದ ಆಟ ಬೇಕಾದರೆ ಇದನ್ನು ನೋಡು ದೊಡ್ಡಮ್ಮ ಎಂದು ರೆಜ಼್ ಎಂಬುದನ್ನು ತೋರಿಸಿದಳು. ತೆತ್ಸುಯಾ ಮಿಜ಼ುಗುಚಿ ಎಂಬ ಜಪಾನೀಯನ ತಂಡ 2001ರಲ್ಲಿ ಮಾಡಿದ್ದು. ಬಣ್ಣಗಳಿಗೂ ನಾದವಿದೆಯೆಂದು ನಂಬಿದ್ದ ಚಿತ್ರಕಾರ ಕಾಂಡಿನ್‌ಸ್ಕಿಗೆ ಅದನ್ನು ಅರ್ಪಿಸಿದ್ದಾರೆ. ಅಲ್ಲಿ ಎಲ್ಲ ತಿರುಗುಮುರುಗು. ಹಾಡಿನಿಂದ ಗುಂಡು ಹುಟ್ಟುವುದಿಲ್ಲ, ಗುಂಡಿನಿಂದ ಹಾಡು ಹುಟ್ಟುತ್ತದೆ. ಮೊದಲಿಗೆ ಎದೆಬಡಿತದಂಥ ಒಂದೇ ಸದ್ದು. ಗುಂಡಿ ಒತ್ತಿ ಹಿಡಿದು ಒಂದೊಂದೇ ಶತ್ರುವಿನ ಮೇಲೆ ಗುರಿ ಸವರಿ ಕೈಬಿಟ್ಟರೆ ಎಂಟರವರೆಗೆ ಗುಂಡು ಹಾರುತ್ತವೆ. ಎಂಟು, ನಮ್ಮ ಆದಿತಾಳದ ಅಕ್ಷರಗಳಷ್ಟು! ಆ ಸದ್ದುಗಳು ನಾವು ಒತ್ತಿದ ಕ್ಷಣದಲ್ಲಲ್ಲ, ತಾಳ ಬೀಳುವವರೆಗೆ ಕಾದು ತಾಳದ ಮೇಲೇ ಬೀಳುತ್ತವೆ.

“ತಪ್ಪು ಹಾಕಿದ ತಾಳವನ್ನು ಯಂತ್ರವೇ ತಿದ್ದಿಬಿಟ್ಟರೆ ಕಲಿಯೋದು ಯಾವಾಗ?” ಎಂದೆ. ಮೇಷ್ಟರ ಬುದ್ಧಿ.

“ಕಲಿಯೋಕೆ ಯಾರು ಆಡ್ತಾರೆ ದೊಡ್ಡಮ್ಮ” ಎಂದಳು. “ತಪ್ಪಾಯ್ತು ಅಂತ ಯಾರೂ ನಿಲ್ಲಿಸಲ್ಲ ಇಲ್ಲಿ. ಅದಕ್ಕೇ ಇಷ್ಟ.”

ಈ ಮಾತಿನ ಹಿಂದೆ ಏನಿದೆಯೆಂದು ನನಗೆ ಗೊತ್ತು. ಅವಳ ತಾಯಿ, ನನ್ನ ತಂಗಿ, 2018ರಲ್ಲಿ ತೀರಿಕೊಂಡಳು. ನಾವಿಬ್ಬರೂ ಒಂದೇ ಚಾಪೆಯ ಮೇಲೆ ಸಂಗೀತ ಕಲಿತವರು. ನಾನು ಪಾಠ ಹೇಳುವವಳಾದೆ, ಅವಳು ಹಾಡುವವಳಾದಳು. ಬೆಟ್ಟದ ಸಾವಿರ ಮೆಟ್ಟಿಲನ್ನೂ ಹಾಡಿಕೊಂಡೇ ಹತ್ತುತ್ತಿದ್ದಳು, ಎಲ್ಲಿ ಉಸಿರು ತೆಗೆದುಕೊಂಡಳೆಂದು ಜೊತೆಯಲ್ಲಿದ್ದವರಿಗೆ ತಿಳಿಯುತ್ತಿರಲಿಲ್ಲ. ಮಗಳಿಗೆ ಅವಳೇ ಗುರು. ಅವಳು ಹೋದ ಮೇಲೆ ಹುಡುಗಿ ಬಾಯಿಗೆ ಬೀಗ ಹಾಕಿದಳು. ನಮ್ಮ ಮನೆಯಲ್ಲಿ ಪಾಠ ಶುರುವಾಯಿತೆಂದರೆ ಹಿತ್ತಲಿಗೆ ಎದ್ದು ಹೋಗುವಳು. ಅವಳಾಗಿ ಬರಲಿ ಎಂದು ನಾನು ಕರೆಯಲಿಲ್ಲ.

ತಂಗಿ ಹಾಡಿದ ಒಂದೇ ಒಂದು ಕ್ಯಾಸೆಟ್ಟು ನನ್ನ ಹತ್ತಿರ ಇತ್ತು. 1994ರ ಒಂದು ಶನಿವಾರದ ಭಜನೆಯಲ್ಲಿ ನಡುಮನೆಯಲ್ಲೇ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದು. ಹುಡುಗ ಅದನ್ನು ಅಟ್ಟದಿಂದ ಇಳಿಸಿ, ತಂತಿಯೊಂದನ್ನು ಸಿಕ್ಕಿಸಿ ಲ್ಯಾಪ್‌ಟಾಪಿಗೆ ಸೇರಿಸಿದ. ಯಾರನ್ನೂ ಕೇಳದೆ ಅದನ್ನು ಆಟಕ್ಕೂ ಹಾಕಿದ.

ಒಳಗೆ ಸಾರಿಗೆ ಒಗ್ಗರಣೆ ಕೊಡುತ್ತಿದ್ದವಳು ತಂಗಿಯ ದನಿ ಕೇಳಿ ಸೌಟು ಹಿಡಿದೇ ಹೊರಗೆ ಬಂದೆ. ಹುಡುಗಿ ಆಗಲೇ ಬಂದು ನಿಂತಿದ್ದಳು. ಬೈಯುತ್ತಾಳೆಂದುಕೊಂಡೆ. “ಇದು ಅಮ್ಮನ ದನಿ ಅಲ್ಲ. ಅಮ್ಮನ ದನಿ ಇಷ್ಟು ದಪ್ಪ ಇರಲಿಲ್ಲ” ಎಂದಳು. ನಿಜವೇ. ಟೇಪ್‌ರೆಕಾರ್ಡರಿನ ಬೆಲ್ಟು ಸಡಿಲವಾಗಿ ನಿಧಾನಕ್ಕೆ ತಿರುಗುತ್ತಿತ್ತು. ತಂಗಿಯದು ಐದೂವರೆ ಶ್ರುತಿ, ಯಂತ್ರ ಅದನ್ನು ಐದಕ್ಕೆ ಇಳಿಸಿತ್ತು. ನಾನು ಶ್ರುತಿಪೆಟ್ಟಿಗೆ ತಂದು ಐದೂವರೆಗೆ ಇಟ್ಟೆ. ಹುಡುಗ ಕಂಪ್ಯೂಟರಿನಲ್ಲಿ ವೇಗವನ್ನು ಕೂದಲೆಳೆಯಷ್ಟೇ ಏರಿಸುತ್ತಾ ಬಂದ. ಇನ್ನೂ, ಇನ್ನೂ, ಸಾಕು ಎಂದು ಹುಡುಗಿಯೇ ಹೇಳಿದಳು. ತಂಗಿ ಬಂದು ಕುಳಿತ ಹಾಗಾಯಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಆಟ. ಹುಡುಗ ಮೂರು ಸಲ ಸತ್ತ. ಬರೀ ತಂಬೂರಿ ಮತ್ತು ಹೆಣ್ಣುದನಿ, ಬಂದೂಕಿಗೆ ಬಲವೆಲ್ಲಿಂದ ಬರಬೇಕು? “ಕೊಡಿಲ್ಲಿ” ಎಂದು ಅಕ್ಕ ಕುಳಿತಳು. ಅವಳಿಗೆ ಆ ಕ್ಯಾಸೆಟ್ಟು ಬಾಯಿಪಾಠ. ಅಮ್ಮ ಎಲ್ಲಿ ಉಸಿರೆಳೆಯುತ್ತಾಳೆ, ಅನುಪಲ್ಲವಿಯಲ್ಲಿ ಯಾವ ಸಂಗತಿಗೆ ದನಿ ಏರುತ್ತದೆ, ಎಲ್ಲಿ ಹೆಂಗಸರೆಲ್ಲ ಕೂಡಿ ಪಲ್ಲವಿ ಎತ್ತಿಕೊಂಡು ಚಪ್ಪಾಳೆ ತಟ್ಟುತ್ತಾರೆ, ಎಲ್ಲ ಗೊತ್ತು. ದನಿ ಇಳಿದಾಗ ನೌಕೆಯನ್ನು ಮೂಲೆಗೆ ಸರಿಸಿ ಬದುಕಿಕೊಳ್ಳುವಳು, ಚಪ್ಪಾಳೆ ಬಂದಾಗ ನುಗ್ಗುವಳು. ನಡುವೆ ಅಡುಗೆಮನೆಯಲ್ಲಿ ನಮ್ಮಮ್ಮ ಇಟ್ಟಿದ್ದ ಕುಕ್ಕರು ಮೂರು ಸಲ ಕೂಗಿದ್ದೂ ಕ್ಯಾಸೆಟ್ಟಿನಲ್ಲಿದೆ. ಭಜನೆಯ ದಿನ ಅಮ್ಮನಿಗೆ ಎಲ್ಲರೂ ಬೈದಿದ್ದರು. ಆ ಮೂರು ಕೂಗಿಗೆ ಬಂದೂಕು ಉರಿದ ರೀತಿ ನೋಡಬೇಕಿತ್ತು! ಅವಳು ಅದಕ್ಕೇ ಕಾದಿದ್ದವಳು, ದೊಡ್ಡ ಶತ್ರುವನ್ನು ಮೂರನೇ ಕೂಗಿಗೆ ಮುಗಿಸಿದಳು.

ಎರಡು ಕೈಗೂ ಬಿಡುವಿರಲಿಲ್ಲ, ತಾಳ ಹಾಕಲು ಆಗುತ್ತಿರಲಿಲ್ಲ. ಬಾಯಿ ಮಾತ್ರ ಖಾಲಿ ಇತ್ತು. ಎರಡನೇ ಚರಣದಲ್ಲೆಲ್ಲೋ ಅವಳ ತುಟಿ ಅಲುಗಿದ್ದನ್ನು ನಾನು ನೋಡಿದೆ, ನೋಡದವಳಂತೆ ಒಲೆಯ ಕಡೆಗೆ ತಿರುಗಿದೆ. ಒಗ್ಗರಣೆ ಸೀದಿತ್ತು.

ಮೂರನೇ ಚರಣ ಶುರುವಾಗುವಷ್ಟರಲ್ಲಿ ಕ್ಯಾಸೆಟ್ಟಿನ ಆ ಬದಿ ಮುಗಿದಿತ್ತು. ಹಾಡು ಕಟ್, ಆಟವೂ ಕಟ್. ಹುಡುಗ ಸ್ಕೋರು ನೋಡಿ, ಡೊಳ್ಳಿನಲ್ಲಿ ತನಗೆ ಬಂದದ್ದರ ಕಾಲು ಭಾಗವೂ ಇಲ್ಲ ಎಂದು ಅಕ್ಕನನ್ನು ಹಂಗಿಸಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

“ದೊಡ್ಡಮ್ಮ, ಮೂರನೇ ಚರಣ ಹೇಗೆ ಹೋಗುತ್ತೆ? ಅಮ್ಮ ಅದನ್ನ ನನಗೆ ಹೇಳಿಕೊಟ್ಟಿರಲಿಲ್ಲ.”

ಶ್ರುತಿಪೆಟ್ಟಿಗೆ ಐದೂವರೆಯಲ್ಲೇ ಇತ್ತು. ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ ಚಾಪೆ ಹಾಸಿದೆ. ಅವಳಿಗೆ ದನಿ ಐದೂವರೆಗೆ ಏರಲಿಲ್ಲ. ಎರಡು ವರ್ಷ ಹಾಡದ ಗಂಟಲು. ಪೆಟ್ಟಿಗೆಯನ್ನು ಐದಕ್ಕೆ ಇಳಿಸಿದೆ.