ಮಗನ ಗಿಟಾರು

ನಮ್ಮ ಮನೆಯ ಉಪ್ಪರಿಗೆಯ ಕೋಣೆಯಲ್ಲಿ ನನ್ನ ಮಗನದೊಂದು ಇಲೆಕ್ಟ್ರಿಕ್ ಗಿಟಾರು ಇದೆ. ಶಾರ್ಜಾದಲ್ಲಿ ಉದ್ಯೋಗದಲ್ಲಿದ್ದಾಗ ಕೊಂಡು, ರಜೆಗೆ ಬರುವಾಗಲೆಲ್ಲ ಹೊತ್ತು ತಂದು, ಕೊನೆಯ ಸಲ ಮರಳುವಾಗ ಇಲ್ಲಿಯೇ ಬಿಟ್ಟು ಹೋದದ್ದು. ಅವನು ತೀರಿಕೊಂಡು ಎಂಟು ವರ್ಷಗಳಾದವು. ಅಂದಿನಿಂದ ಸೊಸೆ ಅದನ್ನು ವರ್ಷಕ್ಕೆರಡು ಬಾರಿ ಪೆಟ್ಟಿಗೆಯಿಂದ ತೆಗೆದು, ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಮತ್ತೆ ಮುಚ್ಚಿಡುತ್ತಾಳೆ. ಕುಂಬಳೆಯ ಕಡಲು ನಮ್ಮ ಮನೆಯಿಂದ ಒಂದೂವರೆ ಮೈಲಿಯಷ್ಟೇ. ಇಲ್ಲಿಯ ಗಾಳಿಗೆ ಬಾಗಿಲ ಚಿಲಕವೇ ತುಕ್ಕು ಹಿಡಿಯುವಾಗ ಪೆಟ್ಟಿಗೆಯೊಳಗಿನ ತಂತಿಗಳು ಉಳಿದಾವೆಯೇ?

ಮೊಮ್ಮಗಳು ಈಗ ಕಣ್ಣೂರಿನಲ್ಲಿ ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ಏಳನೆಯ ತರಗತಿಯವರೆಗೆ ನಮ್ಮ ಕನ್ನಡ ಶಾಲೆಯಲ್ಲಿ ಕಲಿತವಳು, ಆಮೇಲೆ ಇಂಗ್ಲಿಷಿಗೂ ಮಲಯಾಳಕ್ಕೂ ದಾಟಿದವಳು. ಮಲಯಾಳಿ ಗೆಳೆಯ ಗೆಳತಿಯರೊಡನೆ ಒಂದು ವಾದ್ಯತಂಡ ಕಟ್ಟಿಕೊಂಡಿದ್ದಾಳೆ. ರಘು ದೀಕ್ಷಿತರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡುವುದನ್ನು ಕೇಳಿ ತಾನೂ ಒಂದೆರಡು ಪದಗಳನ್ನು ಅಭ್ಯಾಸ ಮಾಡಿಕೊಂಡಿದ್ದಾಳೆ. ಕಳೆದ ವರ್ಷ ಓಣಂ ರಜೆಯಲ್ಲಿ ಬಂದವಳು ತಂದೆಯ ಗಿಟಾರನ್ನು ತೆಗೆದು ಆಂಪ್ಲಿಫೈಯರಿಗೆ ಜೋಡಿಸಿದಳು. ಕುದುರೆಯ ಪಕ್ಕದ ಪಿಕಪ್ ಉಸಿರೇ ಎತ್ತಲಿಲ್ಲ. ಉಳಿದೆರಡರಲ್ಲಿ ಸ್ವರಕ್ಕಿಂತ ಗುಂಯ್ಗುಡುವಿಕೆಯೇ ಹೆಚ್ಚಾಗಿತ್ತು. ಶಬ್ದದ ಗುಬುಟನ್ನು ತಿರುಗಿಸಿದರೆ ಕರಕರವೆಂದು ಜಗಿಯುವ ಸದ್ದು.

"ಅಜ್ಜ, ಒಳಗಿನದ್ದೆಲ್ಲ ಬದಲಿಸಬೇಕು" ಎಂದಳು ಮೊಮ್ಮಗಳು.

"ಅವರು ಇಟ್ಟ ಹಾಗೆಯೇ ಇರಲಿ ಮಾವ, ನೀವು ಅವಳಿಗೆ ಹೇಳಿ" ಎಂದಳು ಸೊಸೆ.

ನಾನು ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿ, ಅದರಲ್ಲಿ ಹನ್ನೊಂದು ವರ್ಷ ಮುಖ್ಯೋಪಾಧ್ಯಾಯನಾಗಿ ಎಷ್ಟೋ ವ್ಯಾಜ್ಯಗಳನ್ನು ತೀರ್ಮಾನಿಸಿದವನು. ಈ ವ್ಯಾಜ್ಯದಲ್ಲಿ ಇಬ್ಬರ ಮಾತೂ ಸರಿಯಾಗಿತ್ತು. ಮುಟ್ಟದೆ ಇಟ್ಟರೆ ಅದು ಮರದ ತುಂಡು. ಮುಟ್ಟಿದರೆ ಅವನ ಕೈ ತಾಗಿದ್ದು ಹೋಗುತ್ತದೆ. ಕೊನೆಗೆ ಬಿಚ್ಚಿ ನೋಡುವುದಕ್ಕೆ ಮಾತ್ರ ಸೊಸೆ ಒಪ್ಪಿದಳು.

ಗಡಿನಾಡಿನ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಗಿಟಾರಿನ ಮಾತೇಕೆ ಎಂದು ಹುಬ್ಬೇರಿಸುವ ಹಿರಿಯರೂ ಇರಬಹುದು. ಬಾಲುಸ್ವಾಮಿ ದೀಕ್ಷಿತರ ಕೈಗೆ ಬಂದ ಪಿಟೀಲು ಎಲ್ಲಿಯದು? ನಮ್ಮ ನೆರೆಯ ಸಜೀಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಎಲ್ಲಿಯದು? ಯು. ಶ್ರೀನಿವಾಸರು ಮ್ಯಾಂಡೊಲಿನ್ನಿನ ಎಂಟು ತಂತಿಗಳನ್ನು ಐದಕ್ಕಿಳಿಸಿ, ಅದಕ್ಕೆ ವಿದ್ಯುತ್ತನ್ನು ಕೂಡಿಸಿ ಕರ್ನಾಟಕ ಸಂಗೀತವನ್ನು ನುಡಿಸಿದ್ದನ್ನು ಇದೇ ಹಿರಿಯರು ತಲೆದೂಗಿ ಕೇಳಿದ್ದಾರೆ. ಆದುದರಿಂದ ಮುಂದುವರಿಯುತ್ತೇನೆ.

ನಾನು ಬಿ.ಎ. ಓದಿದವನು, ವಿಜ್ಞಾನ ನನ್ನ ವಿಷಯವಲ್ಲ. ಮೊಮ್ಮಗಳು ವಿವರಿಸಿದ ಮೇಲೆ ತಿಳಿದದ್ದು ಇಷ್ಟು. ಇಲೆಕ್ಟ್ರಿಕ್ ಗಿಟಾರಿನಲ್ಲಿ ಧ್ವನಿಯನ್ನು ಹಿಡಿಯುವುದು ಮೈಕಿನಂಥ ಸಾಧನವಲ್ಲ. ಉಕ್ಕಿನ ತಂತಿಗಳ ಕೆಳಗೆ ಆರು ಆಯಸ್ಕಾಂತದ ಕಡ್ಡಿಗಳು. ಆ ಕಡ್ಡಿಗಳ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ಸರಿಗೆಯ ಸಾವಿರಾರು ಸುತ್ತುಗಳು. ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಕದಲುತ್ತದೆ. ಕದಲಿದ ಕ್ಷೇತ್ರ ಸರಿಗೆಯಲ್ಲಿ ಎಳ್ಳಷ್ಟು ವಿದ್ಯುತ್ತನ್ನು ಹುಟ್ಟಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. ಗಿಟಾರಿಗೆ ನೈಲಾನ್ ತಂತಿ ಕಟ್ಟಿದರೆ ಪಿಕಪ್ಪು ಮೂಕವಾಗುತ್ತದೆ. ಅಮೆರಿಕದಲ್ಲಿ ಜಾರ್ಜ್ ಬೋಶಾಂ ಎಂಬವರು 1930ರ ದಶಕದ ಆರಂಭದಲ್ಲಿ ಇಂಥ ಪಿಕಪ್ಪಿಗೆ ರೂಪು ಕೊಟ್ಟರು. ನನ್ನ ಮಗನ ಗಿಟಾರು ಯಾವ ಮಾದರಿಯದೋ ಆ ಸ್ಟ್ರಾಟೋಕಾಸ್ಟರ್ 1954ರಲ್ಲಿ ಹೊರಬಂತು. ಅದನ್ನು ತಯಾರಿಸಿದ ಲಿಯೋ ಫೆಂಡರ್ ರೇಡಿಯೋ ದುರಸ್ತಿಯಿಂದ ಬಂದವರು, ಗಿಟಾರು ನುಡಿಸಲು ಬಾರದವರು! ಅವರು ಮೂರು ಪಿಕಪ್ಪುಗಳಿಗೆ ಮೂರು ನಿಲ್ದಾಣಗಳ ಸ್ವಿಚ್ಚನ್ನು ಕೊಟ್ಟಿದ್ದರು. ನುಡಿಸುವವರು ಆ ಸ್ವಿಚ್ಚನ್ನು ಎರಡು ನಿಲ್ದಾಣಗಳ ನಡುವೆ ಉಪಾಯದಿಂದ ಸಿಕ್ಕಿಸಿ, ಎರಡು ಪಿಕಪ್ಪುಗಳ ಬೆರಕೆ ನಾದವನ್ನು ಹೊರಡಿಸುತ್ತಿದ್ದರಂತೆ. ಕಂಪೆನಿಯವರು ಐದು ನಿಲ್ದಾಣಗಳ ಸ್ವಿಚ್ಚು ಹಾಕಿದ್ದು 1977ರಲ್ಲಿ. ವಾದ್ಯವನ್ನು ಮಾಡಿದವನಿಗಿಂತ ನುಡಿಸುವವನಿಗೆ ಒಂದು ಮಾತು ಹೆಚ್ಚು ಗೊತ್ತಿರುತ್ತದೆ ಎಂಬ ನನ್ನ ಎಣಿಕೆಗೆ ಇದು ಬಲ ಕೊಟ್ಟಿತು.

ಒಂದು ಭಾನುವಾರ ಊಟದ ಮೇಜಿನ ಮೇಲೆ ಹಳೆಯ ಧೋತ್ರ ಹಾಸಿ, ಗಿಟಾರನ್ನು ಅಂಗಾತ ಮಲಗಿಸಿ, ಬಿಳಿಯ ಪ್ಲಾಸ್ಟಿಕ್ ಫಲಕದ 11 ಸ್ಕ್ರೂಗಳನ್ನು ಬಿಚ್ಚಿದೆವು. ಈ ಮಾದರಿಯ ಸೊಗಸೆಂದರೆ ಪಿಕಪ್ಪುಗಳು, ಗುಬುಟುಗಳು, ಸ್ವಿಚ್ಚು ಎಲ್ಲವೂ ಆ ಒಂದೇ ಫಲಕಕ್ಕೆ ಅಂಟಿಕೊಂಡಿವೆ. ಮರಕ್ಕೂ ಅದಕ್ಕೂ ಸಂಬಂಧ ಮೂರೇ ವಯರುಗಳದು. ಮೊಮ್ಮಗಳು ಮಲ್ಟಿಮೀಟರ್ ಹಿಡಿದಳು. ಕುತ್ತಿಗೆಯ ಕಡೆಯ ಪಿಕಪ್ 6 ಕಿಲೋ ಓಮಿನ ಹತ್ತಿರ ತೋರಿಸಿತು. ಕುದುರೆಯ ಕಡೆಯದು ಏನನ್ನೂ ತೋರಿಸಲಿಲ್ಲ. ಒಳಗೆಲ್ಲೋ ಕಿಲುಬು ಹಿಡಿದು ಸರಿಗೆ ಕಡಿದಿದೆ ಎಂದಳು.

ಆಗಲೇ ನನ್ನ ಕಣ್ಣಿಗೆ ಬಿದ್ದದ್ದು ಒಂದು ನೀಲಿ ಕೊಳವೆ. ಗುಬುಟಿನ ಬೆನ್ನಿಗೆ ಬೆಸೆದಿದ್ದ ಕೆಪಾಸಿಟರಿನ ಕಾಲಿಗೆ ಯಾರೋ ಬಾಲ್‌ಪೆನ್ನಿನ ರೀಫಿಲ್ಲನ್ನು ಅರ್ಧ ಅಂಗುಲ ಕತ್ತರಿಸಿ ತೊಡಿಸಿದ್ದರು. ಕಾರ್ಖಾನೆಯ ಕೆಲಸ ಹಾಗಿರುವುದಿಲ್ಲ. ನನ್ನ ಮಗ ಹೈಸ್ಕೂಲಿನಲ್ಲಿದ್ದಾಗ ಮನೆಯ ರೇಡಿಯೋವನ್ನು ಬಿಚ್ಚಿ, ವಯರುಗಳು ಒಂದಕ್ಕೊಂದು ತಾಗದಿರಲೆಂದು ನನ್ನ ಮೇಜಿನ ರೀಫಿಲ್ಲುಗಳನ್ನು ಹೀಗೆಯೇ ಕತ್ತರಿಸುತ್ತಿದ್ದ. ಶಾಯಿ ಚೆಲ್ಲಿದ್ದಕ್ಕೆ ಬೈಸಿಕೊಂಡೂ ಇದ್ದ. ಮೊಮ್ಮಗಳು ಕೆಪಾಸಿಟರಿನ ಮೇಲಿನ ಅಂಕೆಯನ್ನು ಓದಿದಳು: 223. ಎಂದರೆ 0.022 ಮೈಕ್ರೋಫ್ಯಾರಡ್. ಇಂಥ ಗಿಟಾರುಗಳಲ್ಲಿ ಸಾಮಾನ್ಯವಾಗಿ ಇರುವುದು 473, ಅಂದರೆ 0.047. ಬೆಲೆ ಕಡಿಮೆಯಾದಷ್ಟೂ, ಸ್ವರದ ಗುಬುಟನ್ನು ಪೂರ್ತಿ ತಿರುಗಿಸಿದಾಗಲೂ ನಾದ ಕಂಬಳಿ ಹೊದ್ದಂತೆ ಮಂಕಾಗುವುದಿಲ್ಲವಂತೆ. "ಪಪ್ಪ ಇದನ್ನು ಬೇಕೆಂದೇ ಬದಲಿಸಿದ್ದಾರೆ ಅಜ್ಜ" ಎಂದಳು.

ಸೊಸೆಯನ್ನು ಕರೆದು ತೋರಿಸಿದೆವು. ಅವಳು ಆ ನೀಲಿ ಕೊಳವೆಯನ್ನು ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ. ಅಡುಗೆಮನೆಗೆ ಹೋದವಳು ಹಾಲು ಕಾಯಿಸಿ, ಆರಿಸಿ, ಮೂರು ಲೋಟ ಚಹಾ ತಂದಿಟ್ಟು, "ಮರ ಕೊರೆಯಬಾರದು. ಇದು ಇಡಿಯಾಗಿ ಹಾಗೆಯೇ ಎತ್ತಿಡಬೇಕು" ಎಂದಳು. ಒಪ್ಪಂದವಾಯಿತು. ಹೊಸ ಫಲಕವೊಂದನ್ನು ತರಿಸಿ ಅದರ ಮೇಲೆ ಎಲ್ಲವನ್ನೂ ಹೊಸದಾಗಿ ಕಟ್ಟುವುದು. ಹಳೆಯ ಫಲಕದ ಮೂರು ವಯರುಗಳನ್ನಷ್ಟೇ ಬಿಡಿಸುವುದು. ನಾಳೆ ಯಾರಾದರೂ ಬಯಸಿದರೆ ಹತ್ತು ನಿಮಿಷದಲ್ಲಿ ಹಳೆಯದನ್ನೇ ಕೂರಿಸುವಂತಿರುವುದು.

ಹೊಸ ಫಲಕಕ್ಕೆ ಕುದುರೆಯ ಬಳಿ ಎರಡು ಸುರುಳಿಗಳ ಸಣ್ಣ ಪಿಕಪ್ಪು, ಕುತ್ತಿಗೆಯ ಬಳಿ ಒಂದು ಸುರುಳಿಯದು. ಇವೆರಡೂ ಅಂಚೆಯಲ್ಲಿ ಬಂದವು. ನಡುವಿನದನ್ನು ನಾವೇ ಸುತ್ತಬೇಕೆಂಬುದು ಮೊಮ್ಮಗಳ ಹಟ. ಬದಿಯಡ್ಕದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮೋಟಾರ್ ವೈಂಡಿಂಗ್ ಅಂಗಡಿಯಿದೆ. ಅಡಿಕೆ ತೋಟಗಳ ಪಂಪುಗಳು ಬೇಸಗೆಯಲ್ಲಿ ಸುಟ್ಟುಕೊಂಡು ಅವನಲ್ಲಿಗೆ ಬರುತ್ತವೆ. ಎಂಟನೆಯ ತರಗತಿಯಲ್ಲಿ ಮಗ್ಗಿ ಒಪ್ಪಿಸಲಾರದೆ ಬೆಂಚಿನ ಮೇಲೆ ನಿಂತವನು, ಇಂದು ಸಾವಿರದ ಲೆಕ್ಕದಲ್ಲಿ ಸುತ್ತು ಎಣಿಸುತ್ತಾನೆ. "ಕಾಯಿಲಿಗೆ ಕಾಯಿಲೆ ಬಂದರೆ ನನ್ನ ಹತ್ತಿರವೇ ಬರಬೇಕು ಮಾಷ್ಟ್ರೇ" ಎಂದು ನಕ್ಕ. ಪಿಕಪ್ಪಿಗೆ 'ನಾದಗ್ರಾಹಿ' ಎಂಬ ಪದವನ್ನು ನಾನು ಮನಸ್ಸಿನಲ್ಲೇ ಟಂಕಿಸಿಕೊಂಡು ಹೋಗಿದ್ದೆ. ಅವನ 'ಕಾಯಿಲು' ಕೇಳಿದ ಮೇಲೆ ಹೊರಗೆ ತೆಗೆಯಲಿಲ್ಲ.

ಬೇಕಾದದ್ದು ಅಮೆರಿಕದ ಗೇಜಿನ 42ನೆಯ ಸಂಖ್ಯೆಯ ಸರಿಗೆ. ನಮ್ಮ ಮೋಟಾರಿನವರದು ಬ್ರಿಟಿಷರ ಕಾಲದ ಗೇಜು; ಅದರ 42 ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಅಮೆರಿಕದ 42 ಅದಕ್ಕಿಂತ ಬಹಳ ತೆಳು, ಸುಮಾರು 0.063 ಮಿಲಿಮೀಟರ್. ಸಂಖ್ಯೆ ಒಂದೇ, ವಸ್ತು ಬೇರೆ. ಇದನ್ನು ಮೊದಲು ಹಿಡಿದವನು ಅವನೇ. ಸರಿಯಾದ ಸರಿಗೆ ಬೆಂಗಳೂರಿನಿಂದ ಬರಲು ಎರಡು ವಾರ ಹಿಡಿಯಿತು. ಬಂದ ಮೇಲೆ ಬೆಳಕಿಗೆ ಹಿಡಿದು ನೋಡಿ, "ಇದು ಸರಿಗೆಯಲ್ಲ ಮಾಷ್ಟ್ರೇ, ತಲೆಕೂದಲು" ಎಂದ. ಅವನ ಕೈಯಂತ್ರಕ್ಕೆ ಸುತ್ತು ಎಣಿಸುವ ಮೀಟರೊಂದಿದೆ. ಮೊದಲ ಸಲ 1,300ರ ಆಸುಪಾಸಿನಲ್ಲಿ ಸರಿಗೆ ಕಡಿಯಿತು. ಎರಡನೆಯ ಸಲ 4,700 ದಾಟಿದ ಮೇಲೆ ಕಡಿದಾಗ ಅಂಗಡಿಯಲ್ಲಿದ್ದ ನಾಲ್ವರೂ ಒಟ್ಟಿಗೆ ನಿಟ್ಟುಸಿರಿಟ್ಟರು. ಮೂರನೆಯ ಸಲ ಅವನು ಫ್ಯಾನು ನಿಲ್ಲಿಸಿ, ಸರಿಗೆಯನ್ನು ಬೆರಳುಗಳ ನಡುವೆ ಉಣ್ಣೆಯ ತುಂಡಿನಲ್ಲಿ ಹಾಯಿಸುತ್ತ, ನಮಗೆಲ್ಲ ಮಾತಾಡಬಾರದೆಂದು ಆಜ್ಞೆ ಮಾಡಿದ. ನನಗೂ! 7,800ಕ್ಕೆ ನಿಲ್ಲಿಸಿದ. ಒಂದು ಸುತ್ತಿಗೆ ಸರಾಸರಿ 14 ಸೆಂಟಿಮೀಟರ್ ಹಿಡಿದರೆ ಒಂದು ಕಿಲೋಮೀಟರಿಗೂ ಮಿಕ್ಕಿದ ಸರಿಗೆ ಹೆಬ್ಬೆಟ್ಟಿನ ಅಗಲದ ಆ ಜಾಗದಲ್ಲಿ ಅಡಗಿದೆ. ಮೀಟರಿಗೆ ಒಂದು ಐದೂವರೆ ಓಮಿನಂತೆ ನಾನು ಚೀಟಿಯ ಮೇಲೆ ಹಾಕಿದ ಲೆಕ್ಕಕ್ಕೂ ಮಲ್ಟಿಮೀಟರಿನ ಅಂಕೆಗೂ ಹೆಚ್ಚು ಅಂತರವಿರಲಿಲ್ಲ.

ಈ ಪಿಕಪ್ಪನ್ನು ಬೇಕೆಂದೇ ಉಲ್ಟಾ ಸುತ್ತಿಸಿದೆವು; ಅದರ ಕಾರಣ ನನಗೆ ಬಹಳ ಹಿಡಿಸಿತು. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗುತ್ತದೆ. ಗೋಡೆಯ ವಯರು, ಟ್ಯೂಬ್‌ಲೈಟಿನ ಚೋಕು ಹೊರಸೂಸುವ ಆ ಗುಂಯ್ಗುಡುವಿಕೆಯನ್ನು ಸುರುಳಿ ಹಿಡಿದುಕೊಳ್ಳುತ್ತದೆ. ಪಕ್ಕದ ಸುರುಳಿಯನ್ನು ಎದುರು ದಿಕ್ಕಿನಲ್ಲಿ ಸುತ್ತಿ, ಅದರ ಆಯಸ್ಕಾಂತವನ್ನೂ ತಲೆಕೆಳಗು ಮಾಡಿದರೆ ಏನಾಗುತ್ತದೆ? ತಂತಿಯ ನಾದಕ್ಕೆ ಸುತ್ತಿನಿಂದ ಒಂದು ಋಣ, ಆಯಸ್ಕಾಂತದಿಂದ ಇನ್ನೊಂದು ಋಣ. ಋಣಕ್ಕೆ ಋಣ ಧನವಾಗಿ ನಾದ ಕೂಡಿಕೊಳ್ಳುತ್ತದೆ. ಗದ್ದಲಕ್ಕೆ ಆಯಸ್ಕಾಂತದ ಹಂಗಿಲ್ಲ; ಅದಕ್ಕೆ ಒಂದೇ ಋಣ. ಹಾಗಾಗಿ ಎರಡು ಸುರುಳಿಗಳ ಗದ್ದಲ ಒಂದನ್ನೊಂದು ಅಳಿಸುತ್ತದೆ. ಗಿಬ್ಸನ್ ಕಂಪೆನಿಯ ಸೇತ್ ಲವರ್ 1955ರಲ್ಲಿ ಜೋಡಿ ಸುರುಳಿಯ ಪಿಕಪ್ಪನ್ನು ರೂಪಿಸಿದ್ದು ಇದೇ ಲೆಕ್ಕದ ಮೇಲೆ. ಆಯಸ್ಕಾಂತದ ಯಾವ ತುದಿ ಮೇಲಿರಬೇಕೆಂದು ತಿಳಿಯಲು, ಭೂಗೋಳದ ಪಾಠಕ್ಕೆ ನಾನು ಒಯ್ಯುತ್ತಿದ್ದ ದಿಕ್ಸೂಚಿಯೇ ಬಳಕೆಯಾಯಿತು.

ಸುತ್ತಿದ ಸುರುಳಿಯನ್ನು ಮೇಣದಲ್ಲಿ ಅದ್ದದಿದ್ದರೆ ಸರಿಗೆಗಳು ತಾವೇ ನಡುಗಿ, ಶಬ್ದ ಏರಿಸಿದಾಗ ಕೀರಲುತ್ತವೆ. ಜೇನುಮೇಣ ಒಂದು ಪಾಲು, ಪ್ಯಾರಾಫಿನ್ ನಾಲ್ಕು ಪಾಲು. ಅದನ್ನು ನೇರ ಉರಿಯ ಮೇಲೆ ಇಡಬಾರದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಬೇಕು. 65 ಡಿಗ್ರಿಯ ಹತ್ತಿರ ನಿಲ್ಲಿಸಬೇಕು. ಮೀರಿದರೆ ಸುರುಳಿಯ ಚೌಕಟ್ಟು ಸೊಟ್ಟಗಾಗುತ್ತದೆ. ನಾವಿಬ್ಬರೂ ಗ್ಯಾಸಿನ ಮುಂದೆ ತಡವರಿಸುವುದನ್ನು ನೋಡಲಾರದೆ ಸೊಸೆ ನಮ್ಮನ್ನು ಪಕ್ಕಕ್ಕೆ ಸರಿಸಿ ತಾನೇ ನಿಂತಳು. ಉರಿ ಇಳಿಸಿ ಏರಿಸಿ ಇಪ್ಪತ್ತು ನಿಮಿಷ ಆ ಬಿಸಿಯನ್ನು ಹಿಡಿದಿಟ್ಟಳು. ಸುರುಳಿಯಿಂದ ಗುಳ್ಳೆಗಳು ಏಳುವುದು ನಿಂತಾಗ, "ಅವರು ಬೆಸುಗೆ ಹಾಕುವಾಗ ನನಗೆ ಟಾರ್ಚು ಹಿಡಿಯಲು ಹೇಳುತ್ತಿದ್ದರು" ಎಂದಳು. ಎಂಟು ವರ್ಷಗಳಲ್ಲಿ ಅವಳಾಗಿ ಅವನ ಮಾತು ತೆಗೆದದ್ದನ್ನು ನಾನು ಕೇಳಿದ್ದು ಕಡಿಮೆ. ಮೊಮ್ಮಗಳು ಏನೋ ಕೇಳಿದಳು. ತಾಯಿ ಮಗಳು ಅಡುಗೆಮನೆಯಲ್ಲಿಯೇ ಮಾತಿಗೆ ಕುಳಿತರು. ನಾನು ಹೊರಗೆ ಬಂದೆ.

ಬೆಸುಗೆಯ ಕೆಲಸ ಒಂದೇ ದಿನದ್ದು. ಶಬ್ದದ ಗುಬುಟಿಗೆ ಮೊಮ್ಮಗಳು 500 ಕಿಲೋ ಓಮಿನದನ್ನು ಆರಿಸಿದಳು. ಜೋಡಿ ಸುರುಳಿಗೆ ಅದು ಸರಿ, ಒಂಟಿ ಸುರುಳಿಗಳಿಗೆ 250 ಸಾಕಿತ್ತು. ಮೇಲಿನ ಸ್ವರಗಳು ನನ್ನ ಕಿವಿಗೆ ಈಗಲೂ ತುಸು ಚುಚ್ಚುತ್ತವೆ. ಫಲಕದ ಹಿಂಬದಿಗೆ ತಾಮ್ರದ ಹಾಳೆ ಅಂಟಿಸಿದೆವು. ಮರದ ಗೂಡಿಗೂ ಅಂಟಿಸಿದ್ದರೆ ಗದ್ದಲ ಇನ್ನಷ್ಟು ತಗ್ಗುತ್ತಿತ್ತು. ಆದರೆ ಅದು ಕೊಟ್ಟ ಮಾತಿಗೆ ಹೊರಗಿನದು. ಹೊಸ ಕೆಪಾಸಿಟರು ಅವನ ಬೆಲೆಯದೇ, 223.

ಇಂಗ್ಲೆಂಡಿನ ಬ್ರಯನ್ ಮೇ ಎಂಬ ಗಿಟಾರು ವಾದಕರು 1963ರಲ್ಲಿ, ಹದಿಹರೆಯದಲ್ಲಿ, ತಂದೆಯೊಡನೆ ಕೂಡಿ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ ಮತ್ತು ಮೋಟಾರ್‌ಸೈಕಲ್ಲಿನ ಸ್ಪ್ರಿಂಗುಗಳಿಂದ ಗಿಟಾರು ಕಟ್ಟಲು ತೊಡಗಿದರಂತೆ. ಮುಗಿಯಲು ಎರಡು ವರ್ಷ ಹಿಡಿಯಿತು. ಅಂದಿನಿಂದ ಅದನ್ನೇ ನುಡಿಸುತ್ತ ಬಂದಿದ್ದಾರೆ. ಮೊಮ್ಮಗಳು ಇದನ್ನು ಹೇಳಿದಾಗ ನಾನು ಆ ತಂದೆಯ ಬಗ್ಗೆ ಇನ್ನಷ್ಟು ಕೇಳಿದೆ. ಇಲೆಕ್ಟ್ರಾನಿಕ್ಸ್ ಬಲ್ಲವರಂತೆ, ಹೆಸರು ಹ್ಯಾರಲ್ಡ್.

ಹಳೆಯ ಫಲಕ ಈಗ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ, ತೇವ ಹೀರುವ ಪೊಟ್ಟಣಗಳ ನಡುವೆ ಇದೆ. ಮೂರು ವಯರುಗಳಿಗೂ ನಾನು ಚೀಟಿ ಕಟ್ಟಿದ್ದೇನೆ: 'ಭೂಮಿಗೆ', 'ಕುದುರೆಯ ಸ್ಪ್ರಿಂಗಿಗೆ', 'ಹೊರಗಿನ ಜ್ಯಾಕಿಗೆ'. ಮೊಮ್ಮಗಳು ಬಿಡಿಸಿದ ಸಂಪರ್ಕ ನಕ್ಷೆಗೂ ಕನ್ನಡದಲ್ಲಿಯೇ ಹೆಸರು ಬರೆದಿದ್ದೇವೆ. ಅವಳ ಕೈಬರಹದಲ್ಲಿ ಒತ್ತಕ್ಷರಗಳು ಇನ್ನೂ ಒಂದಕ್ಕೊಂದು ಮುನಿಸಿಕೊಂಡಿವೆ; ತಿದ್ದಲು ಹೋಗಲಿಲ್ಲ.

ಸ್ವಿಚ್ಚನ್ನು ನಾಲ್ಕನೆಯ ನಿಲ್ದಾಣಕ್ಕೆ ತಂದಾಗ ಗುಂಯ್ಗುಡುವಿಕೆ ನಿಲ್ಲುತ್ತದೆ. ಮೊದಲ ಬಾರಿ ಹಾಗೆ ನಿಂತಾಗ, ಗಿಟಾರು ಕೆಟ್ಟಿತೇ ಎಂದು ಸೊಸೆ ಒಳಗಿನಿಂದ ಓಡಿ ಬಂದಿದ್ದಳು.

ಸಮ್ಮೇಳನದ ಎರಡನೆಯ ದಿನದ ಸಾಂಸ್ಕೃತಿಕ ಕಾರ್ಯಕ್ರಮದಲ್ಲಿ ಮೊಮ್ಮಗಳ ತಂಡಕ್ಕೆ ಹದಿನೈದು ನಿಮಿಷಗಳ ಅವಕಾಶ ದೊರೆತಿದೆ. ಸ್ವಾಗತ ಸಮಿತಿಯವರಲ್ಲಿ ಒಂದು ವಿನಂತಿ: ವೇದಿಕೆಯ ಮೇಲೆ ಸರಿಯಾಗಿ ಅರ್ತಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಪಾಯಿಂಟು ಒಂದಿರಲಿ. ಗಿಟಾರಿನ ತಂತಿಗಳು ಅದೇ ಭೂಮಿಗೆ ಜೋಡಿಕೊಂಡಿರುತ್ತವೆ, ನುಡಿಸುವವಳ ಬೆರಳು ಆ ತಂತಿಗಳ ಮೇಲಿರುತ್ತದೆ.