ಬಣ್ಣದಲ್ಲಿರುವ ಬಡತನ

ಪವನ್ ಕುಮಾರ್ ಅವರ ‘ಲೂಸಿಯಾ’ (2013) ತಲೆಗೆ ಹತ್ತಲಿಲ್ಲವೆಂದು ಹಳೆಯ ವಿದ್ಯಾರ್ಥಿಯೊಬ್ಬ ನನ್ನಲ್ಲಿ ದೂರಿದ. ಬ್ಲಾಗು, ಫೇಸ್‌ಬುಕ್ಕುಗಳ ಮೂಲಕ ನೂರಕ್ಕೂ ಹೆಚ್ಚು ಜನರಿಂದ ಹಣ ಕೂಡಿಸಿ ತೆಗೆದ ಚಿತ್ರವದು.

ನಿದ್ದೆ ಬಾರದ ನಿಕ್ಕಿ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಜನರನ್ನು ಕೂರಿಸುವವನು; ಮಾತ್ರೆ ನುಂಗಿದರೆ ಕನಸಿನಲ್ಲಿ ಚಿತ್ರನಟ. ಅವನ ಬಡತನ, ಪ್ರೇಮ ಬಣ್ಣದಲ್ಲಿವೆ. ನಟನ ವೈಭವ ಕಪ್ಪು-ಬಿಳುಪಿನಲ್ಲಿ. (ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಿ.) ಕೊನೆಗೆ ನಟನೇ ನಿಜ, ನಿಕ್ಕಿಯೇ ಕನಸು! ಫೇಸ್‌ಬುಕ್ಕಿನ ಪ್ರೇಮಿಗಳು ತಮ್ಮನ್ನು ಹಿಗ್ಗಿಸಿ ತೋರಿಸುತ್ತಾರೆ. ಇವನೋ, ಪ್ರೀತಿಗಾಗಿ ತನ್ನನ್ನು ಕುಗ್ಗಿಸಿಕೊಂಡ. ನಮ್ಮ ಶಿಡ್ಲಘಟ್ಟದ ರೇಷ್ಮೆಹುಳು ನಾಲ್ಕು ಜ್ವರ ಕಳೆದು, ತಾನೇ ನೂತ ಗೂಡಿನೊಳಗೆ ಅಡಗುವಂತೆ.

ಇನ್ನೊಮ್ಮೆ ನೋಡಪ್ಪ, ಈ ಸಲ ಕಥೆಯನ್ನು ಬಿಟ್ಟು ಬಣ್ಣದ ಬೆನ್ನು ಹತ್ತು.