ತಪ್ಪು ಸ್ಟಿಕ್ಕಿನದೋ ಸ್ಲಾಟಿನದೋ

ಪ್ರತಿಸಲವೂ ಒಂದೇ ಸಾಲಿನಲ್ಲಿ ಮುಗ್ಗರಿಸುವ ಸರ್ವರ್ ನನ್ನನ್ನು ಅಷ್ಟಾಗಿ ಸೆಳೆಯುವುದಿಲ್ಲ. ಅದನ್ನು ಪ್ರೋಗ್ರಾಮ್ ಬರೆದವರು ನೋಡಿಕೊಳ್ಳುತ್ತಾರೆ. ನಿನ್ನೆ ಡೇಟಾಬೇಸ್ ಬಿತ್ತು, ಬೆಳಗಿನ ಜಾವ ಬ್ಯಾಕಪ್ ನಡೆಯುವಾಗ ಇಡೀ ಯಂತ್ರ ನಿಂತಿತು, ಮಧ್ಯಾಹ್ನ ಕೆಲಸವಿಲ್ಲದೆ ಸುಮ್ಮನಿದ್ದಾಗಲೂ ಕರ್ನಲ್ ಪ್ಯಾನಿಕ್ ಆಯಿತು. ಹೀಗೆ ಒಂದಕ್ಕೊಂದು ತಾಳಮೇಳವಿಲ್ಲದ ದೂರುಗಳು ಬಂದಾಗಲೇ ನನ್ನ ಕಿವಿ ನೆಟ್ಟಗಾಗುವುದು. ಲಿನಕ್ಸಿನ ಹಳಬರಿಗೆ ಈ ಲಕ್ಷಣ ಚೆನ್ನಾಗಿ ಗೊತ್ತು. ಕರ್ನಲ್ ಕಂಪೈಲ್ ಮಾಡಲು ಬಿಟ್ಟರೆ ಜಿಸಿಸಿ ಕಂಪೈಲರ್ ನಡುದಾರಿಯಲ್ಲಿ ಸಿಗ್ನಲ್ 11 ಎಂದು ಸಾಯುತ್ತದೆ. ಮತ್ತೆ ಓಡಿಸಿದರೆ ಆ ಫೈಲನ್ನು ಸಲೀಸಾಗಿ ದಾಟಿ ಇನ್ನೆಲ್ಲೋ ಸಾಯುತ್ತದೆ. ಸಾಯುವ ಜಾಗ ಬದಲಾಯಿತೆಂದರೆ ಸಂಶಯ ಹಾರ್ಡ್‌ವೇರಿನ ಮೇಲೆ, ಅದರಲ್ಲೂ ಮೊದಲು ಮೆಮೊರಿಯ ಮೇಲೆ.

ಸಂಶಯ ಬಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮುಚ್ಚಳ ತೆಗೆಯುವ ಮೊದಲು ಓದುವುದಿದೆ. ಸರ್ವರಿನ ಬೋರ್ಡಿನ ಮೇಲೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರೊಂದು ಬೇರೆಯೇ ಇರುತ್ತದೆ. ದೊಡ್ಡ ಯಂತ್ರ ಸತ್ತು ಬಿದ್ದಿದ್ದರೂ ಕರೆಂಟ್ ಇರುವತನಕ ಅದು ಎಚ್ಚರವಾಗಿರುತ್ತದೆ. ವೋಲ್ಟೇಜು, ಫ್ಯಾನಿನ ವೇಗ, ಶಾಖ, ಮೆಮೊರಿಯ ತಪ್ಪು ಎಲ್ಲವನ್ನೂ ವೇಳೆ ಹಾಕಿ ಬರೆದಿಡುತ್ತದೆ. 12 ವೋಲ್ಟಿನ ಸರಬರಾಜು 11.4ಕ್ಕಿಂತ ಕೆಳಗೆ ಜಾರಿದೆಯೇ? ಯಂತ್ರ ಬೀಳುವ ಮೊದಲು ಯಾವ ಮೆಮೊರಿ ಸ್ಲಾಟಿನ ಹೆಸರು ಮತ್ತೆ ಮತ್ತೆ ಬಂದಿದೆ? ಕೈಗೆ ಎಣ್ಣೆ ಧೂಳು ತಾಗದೆ, ಕುರ್ಚಿಯಲ್ಲಿ ಕೂತು ಆ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋಗುವುದು ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು.

ಸರ್ವರ್ ಬಿದ್ದಿತೆಂದು ಎಲ್ಲರೂ ಬೈಯುತ್ತಾರೆ. ನನಗೆ ಮಾತ್ರ ಆ ಬೀಳುವಿಕೆಯ ಬಗ್ಗೆ ಗೌರವವಿದೆ. ಇಸಿಸಿ ಮೆಮೊರಿ 64 ಬಿಟ್ ಮಾಹಿತಿಗೆ 8 ಬಿಟ್ ಕಾವಲು ಇಡುತ್ತದೆ. ಒಂದು ಬಿಟ್ ಮಗುಚಿದರೆ ಸದ್ದಿಲ್ಲದೆ ಸರಿಪಡಿಸುತ್ತದೆ. ಎರಡು ಮಗುಚಿದರೆ ಸರಿಪಡಿಸಲಾಗದು, ಆದರೆ ಕೆಟ್ಟಿದೆ ಎಂಬುದು ಅದಕ್ಕೆ ತಿಳಿಯುತ್ತದೆ. ಆಗ ಸುಳ್ಳು ಲೆಕ್ಕ ಕೊಡುವ ಬದಲು ಯಂತ್ರ ನಿಂತುಬಿಡುತ್ತದೆ. ಇದರ ಬೇರು ಬೆಲ್ ಲ್ಯಾಬ್ಸಿನ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತಗಳಲ್ಲಿದೆ. ಅವರು ವಾರಾಂತ್ಯದಲ್ಲಿ ಓಡಲು ಬಿಟ್ಟುಹೋದ ಲೆಕ್ಕವನ್ನು ರಿಲೇ ಕಂಪ್ಯೂಟರ್ ತಪ್ಪು ಕಂಡೊಡನೆ ಕೈಬಿಡುತ್ತಿತ್ತು. ತಪ್ಪಾಗಿದೆ ಎಂದು ಹೇಳಬಲ್ಲ ಯಂತ್ರ ಎಲ್ಲಿ ತಪ್ಪಾಗಿದೆ ಎಂದೂ ಹೇಳಬಾರದೇಕೆ ಎಂದು ಅವರು ಯೋಚಿಸಿದರು. ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂನ ಸ್ಕಾರ್‌ಬೆಕ್ ಇದೆ. ಅಲ್ಲಿ 2003ರ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಿಗೆ ಬಿದ್ದಿದ್ದವು. 4096 ಎಂದರೆ 2ರ 12ನೇ ಘಾತ. ಒಂದೇ ಒಂದು ಬಿಟ್ ಮಗುಚಿರಬೇಕೆಂದು ತಜ್ಞರು ಅಂದಾಜಿಸಿದರು.

ಬಿಟ್ ಮಗುಚಿತೆಂದರೆ ಕಾಸ್ಮಿಕ್ ಕಿರಣದ ಕಥೆ ಹೇಳುವುದು ಬಹಳ ಜನಕ್ಕೆ ಇಷ್ಟ. ಕಥೆ ಸುಳ್ಳಲ್ಲ. ಚಿಪ್ಪಿನ ಹೊದಿಕೆಯಲ್ಲೇ ಸೇರಿಕೊಂಡ ವಿಕಿರಣಶೀಲ ಕಣಗಳು ಹೊರಸೂಸುವ ಆಲ್ಫಾ ಕಣಗಳೂ ಬಿಟ್ ಕೆಡಿಸುತ್ತವೆ ಎಂದು ಇಂಟೆಲ್‌ನವರು 1978ರಲ್ಲೇ ತೋರಿಸಿದ್ದರು. ಆದರೆ ಗೂಗಲ್‌ನ ಸರ್ವರುಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಬಂದ ಅಧ್ಯಯನವನ್ನು ನಾನು ಹೆಚ್ಚು ನಂಬುತ್ತೇನೆ. ವರ್ಷಕ್ಕೆ ಶೇ. 8ಕ್ಕಿಂತ ಹೆಚ್ಚು ಮೆಮೊರಿ ಸ್ಟಿಕ್ಕುಗಳಲ್ಲಿ ತಪ್ಪು ಕಂಡಿತ್ತು, ಅವುಗಳಲ್ಲಿ ಬಹುಪಾಲು ಆಕಾಶದಿಂದ ಬಂದವಲ್ಲ, ಹಾರ್ಡ್‌ವೇರಿನದೇ ದೋಷ. ಹಾಗಾಗಿ ಮೆಮೊರಿಯ ಒಂದೇ ವಿಳಾಸ ಪದೇ ಪದೇ ಕಂಡರೆ ನಾನು ನಕ್ಷತ್ರಗಳ ಗೋಜಿಗೆ ಹೋಗುವುದಿಲ್ಲ.

ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎರಡು ಪ್ರೊಸೆಸರಿನ ಹಳೆಯ ಸರ್ವರನ್ನು ಹೊಸ ಕಟ್ಟಡಕ್ಕೆ ಸಾಗಿಸಿದ್ದರು. ಅಲ್ಲಿಂದ ಮುಂದೆ ಬೀಳತೊಡಗಿತು. ದಾರಿಯ ಕುಲುಕಾಟಕ್ಕೆ ಪೆಟ್ಟು ಬಿದ್ದಿದೆ, ಬೋರ್ಡೇ ಹೋಗಿದೆ ಎಂದು ಎಲ್ಲರ ತೀರ್ಪು. ದಾಖಲೆಯಲ್ಲಿ ಒಂದು ಸ್ಲಾಟಿನ ಹೆಸರು ಎದ್ದು ಕಾಣುತ್ತಿತ್ತು, ಅದೂ ಯಂತ್ರ ಬಿಸಿಯಾದ ಮೇಲೆ. ಆ ಸ್ಲಾಟಿನ ಸ್ಟಿಕ್ಕನ್ನು ತೆಗೆದು ಇನ್ನೊಂದಕ್ಕೆ, ಅಲ್ಲಿಯದನ್ನು ಇಲ್ಲಿಗೆ ಹಾಕಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಇದರಲ್ಲಿ ನಾನು ಯಾರ ಅವಸರಕ್ಕೂ ಜಗ್ಗುವುದಿಲ್ಲ. ಸ್ಟಿಕ್ಕಿನ ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕುವ ರೂಢಿ ನಮ್ಮ ಎಸ್.ಪಿ. ರೋಡಿನಿಂದ ಹಿಡಿದು ಎಲ್ಲೆಡೆ ಇದೆ, ನನಗದು ಒಪ್ಪುವುದಿಲ್ಲ. ಚಿನ್ನದ ಲೇಪ ತೀರಾ ತೆಳು. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿದರೆ ಸಾಕು.

ತಪ್ಪು ಸ್ಟಿಕ್ಕಿನ ಜೊತೆ ಹೋಗಲಿಲ್ಲ, ಸ್ಲಾಟಿನಲ್ಲೇ ಉಳಿಯಿತು. ಆ ಕ್ಷಣದ ಸಂತೋಷವನ್ನು ಬೇರೆ ಯಾವ ಹವ್ಯಾಸವೂ ನನಗೆ ಕೊಟ್ಟಿಲ್ಲ. ಸ್ಟಿಕ್ಕು ನಿರಪರಾಧಿ. ಸ್ಲಾಟೇ ಕೆಟ್ಟಿದೆಯೆಂದು ಮಾತ್ರ ಇನ್ನೂ ಹೇಳುವಂತಿಲ್ಲ, ಏಕೆಂದರೆ ಮೆಮೊರಿಯನ್ನು ನಿಭಾಯಿಸುವ ಭಾಗ ಈಗ ಪ್ರೊಸೆಸರಿನ ಒಳಗೇ ಇರುತ್ತದೆ. ಕೈಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಂಡು ಎರಡೂ ಪ್ರೊಸೆಸರುಗಳನ್ನು ಅದಲು ಬದಲು ಮಾಡಿದೆ. ನಮ್ಮ ಬೆರಳಿಗೆ ಚುರುಕ್ಕೆನ್ನಬೇಕಾದರೆ ಮೂರು ಸಾವಿರ ವೋಲ್ಟ್‌ನಷ್ಟು ಬೇಕು, ಚಿಪ್ಪಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ತಪ್ಪು ಪ್ರೊಸೆಸರಿನ ಜೊತೆಗೂ ಹೋಗಲಿಲ್ಲ. ಉಳಿದದ್ದು ಸ್ಲಾಟು, ಇಲ್ಲವೇ ಪ್ರೊಸೆಸರ್ ಕೂರುವ ಸಾಕೆಟ್.

ಟಾರ್ಚನ್ನು ಓರೆಯಾಗಿ ಹಿಡಿದು ಮೊದಲು ಸಾಕೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದೆ. 2011 ಪಿನ್ನುಗಳು, ನಡುನಡುವೆ ಸುಮಾರು ಒಂದೊಂದು ಮಿಲಿಮೀಟರು. ಗಾಳಿಗೆ ಬಾಗಿದ ರಾಗಿ ಪೈರಿನ ಹಾಗೆ ಸಾಲುಸಾಲಾಗಿ ಒಂದೇ ಓರೆಗೆ ಹೊಳೆಯುತ್ತಿದ್ದವು. ಅಂಚಿನ ಹತ್ತಿರ ಒಂದು ಮಾತ್ರ ಹೊಳೆಯಲಿಲ್ಲ. ತುದಿ ತಿರುಚಿಕೊಂಡು ಪಕ್ಕದ ಪಿನ್ನಿಗೆ ತಾಗಿಯೂ ತಾಗದಂತೆ ನಿಂತಿತ್ತು. ವಿಚಾರಿಸಿದಾಗ ತಿಳಿಯಿತು: ಸಾಗಿಸಿದ ದಿನವೇ, ಹೇಗೂ ಯಂತ್ರ ನಿಂತಿದೆಯಲ್ಲ ಎಂದು ಪ್ರೊಸೆಸರುಗಳನ್ನೂ ಬದಲಿಸಿದ್ದರು. ದಾರಿಯ ಕುಲುಕಾಟ ಏನೂ ಮಾಡಿರಲಿಲ್ಲ.

ಸಣ್ಣ ಸೂಜಿಯ ತುದಿಯಿಂದ ಪಿನ್ನನ್ನು ಅದರ ಸಾಲಿಗೆ ತಂದೆ. ಹೊಸ ಪೇಸ್ಟ್ ಹಚ್ಚಿ, ಹೀಟ್‌ಸಿಂಕಿನ ಸ್ಕ್ರೂಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಲು ಬಿಟ್ಟೆ. ಕ್ರಿಸ್ ಬ್ರೇಡಿ ಅದನ್ನು ಬರೆದದ್ದು 1994ರಲ್ಲಿ, ಇವತ್ತಿಗೂ ನನ್ನ ಚೀಲದ ಪೆನ್‌ಡ್ರೈವಿನಲ್ಲಿ ಅದಕ್ಕೆ ಜಾಗವಿದೆ. ಬೆಳಗ್ಗೆ ತಪ್ಪಿನ ಲೆಕ್ಕ ಸೊನ್ನೆಯಲ್ಲೇ ಇತ್ತು. ಹೊಸ ಬೋರ್ಡಿಗೆ ಬರೆದಿದ್ದ ಖರೀದಿ ಪತ್ರವನ್ನು ಅವರು ವಾಪಸ್ ಪಡೆದರು.

ಅದೇ ಕೋಣೆಯ ಇನ್ನೊಂದು ರ‍್ಯಾಕಿನಲ್ಲಿ ಪವರ್ ಸಪ್ಲೈಗಳು ಸುಡುತ್ತಿವೆಯಂತೆ. ಅಲ್ಲಿನ ಎತ್ತರಿಸಿದ ನೆಲದ ಹಲಗೆಗಳಿಗೆ ಕೆಳಗಡೆ ಸತುವಿನ ಲೇಪವಿದೆ. ಇಂಥ ಲೇಪದ ಮೇಲೆ ಕೂದಲಿಗಿಂತ ಸಪೂರವಾದ ಸತುವಿನ ಎಳೆಗಳು ಬೆಳೆಯುವುದುಂಟು; ಹಲಗೆ ಕದಲಿಸಿದಾಗ ಮುರಿದು, ತಂಪುಗಾಳಿಯ ಜೊತೆ ಯಂತ್ರದೊಳಗೆ ಹೋಗಿ ಶಾರ್ಟ್ ಮಾಡುತ್ತವೆ. ಅವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಬಹಳ ದಿನದಿಂದ ಇದೆ. ನಾನು ಬರುವತನಕ ಒಂದು ಹಲಗೆಯನ್ನೂ ಎತ್ತಬೇಡಿ ಎಂದು ಹೇಳಿ ಬಂದಿದ್ದೇನೆ.